ತಿಂಡಿಪೋತ ಎಂದು ಯಾರು ಯಾರನ್ನು ಕರೆಯಬಹುದು?

ಊಟತಿಂಡಿಯ ಮೇಲೆ ಪ್ರೀತಿ ಇರುವವರನ್ನು ಇಂಗ್ಲಿಷಿನಲ್ಲಿ ‘ಫುಡಿ’ ಅನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ಏನು ಅಂತ ಬೆಂಗಳೂರಿನಲ್ಲಿ ಕೇಳಿ ನೋಡಿ, ಮೊದಲು ಬರುವ ಉತ್ತರ ‘ತಿಂಡಿಪೋತ’. ಟೀ ಶರ್ಟಿನ ಮೇಲೆ, ಇನ್‌ಸ್ಟಾಗ್ರಾಮ್ ಖಾತೆಯ ಹೆಸರಿನಲ್ಲಿ, ಹೊಸ ಹೋಟೆಲಿನ ಬೋರ್ಡಿನಲ್ಲಿ ಈಗ ಈ ಪದ ಓಡಾಡುತ್ತಿದೆ. ಬಾಯಿ ತುಂಬ ಹೇಳುವಂಥ ಮುದ್ದಾದ ಪದ. ಆದರೆ ‘ಫುಡಿ’ ಇದ್ದ ಕಡೆಯೆಲ್ಲ ಇದನ್ನು ಕೂರಿಸಲು ಹೋದರೆ ಮಾತು ಕೆಡುತ್ತದೆ. ಮೂರು ವಾಕ್ಯ ನೋಡಿ.

“ಏ ತಿಂಡಿಪೋತ, ತಟ್ಟೆಯಿಂದ ಕೈ ತೆಗಿ, ಚಕ್ಕುಲಿ ಇನ್ನೂ ಆರಿಲ್ಲ.”

“ನಮ್ಮ ಮೇಷ್ಟ್ರು ದೊಡ್ಡ ತಿಂಡಿಪೋತರು.”

“ಬೀಗರು ತಿಂಡಿಪೋತರು, ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿ.”

ಮೊದಲನೆಯದರಲ್ಲಿ ಗದರಿಕೆಯೂ ಇದೆ, ಅಕ್ಕರೆಯೂ ಇದೆ. ಎರಡನೆಯದು ಬೆನ್ನ ಹಿಂದೆ ಆಡುವ ಚಾಡಿಯ ಹಾಗೆ ಕೇಳುತ್ತದೆ. ಮೂರನೆಯದನ್ನು ಮದುವೆ ಛತ್ರದಲ್ಲಿ ಯಾರಾದರೂ ಅಂದರೆ ಇಡೀ ಪಂಕ್ತಿ ತಲೆಯೆತ್ತಿ ನೋಡುತ್ತದೆ. ‘-ರು’ ಸೇರಿಸಿದ ಮಾತ್ರಕ್ಕೆ ಗೌರವ ಬರುವುದಿಲ್ಲ. ಅಲ್ಲಿ ಆಡಬೇಕಾದದ್ದು “ಬೀಗರು ಭೋಜನಪ್ರಿಯರು”. ಅರ್ಥದ ಗೆರೆ ಹೆಚ್ಚುಕಡಿಮೆ ಒಂದೇ. ಬೇರೆಯಾದದ್ದು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು.

‘ಫುಡಿ’ ತನ್ನನ್ನು ತಾನೇ ಕರೆದುಕೊಳ್ಳುವ ಪದ: “ಐ ಆ್ಯಮ್ ಎ ಫುಡಿ”. ಕನ್ನಡದ ಹಳೆಯ ಪದಗಳೆಲ್ಲ ಇನ್ನೊಬ್ಬರ ಬಾಯಿಂದ ಬರುವಂಥವು, ಅದರಲ್ಲೂ ಬಡಿಸುವವರ ಬಾಯಿಂದ. ತಿಂಡಿಪೋತ ‘ನೀನು’ ಅನ್ನುವಷ್ಟು ಸಲಿಗೆ ಇದ್ದವರಿಗೆ. ಭೋಜನಪ್ರಿಯ ‘ಅವರು’ ಅನ್ನುವಂಥವರಿಗೆ. ಹೊಟ್ಟೆಬಾಕ ‘ಅವನು’ ಅಂತ ದೂರ ತಳ್ಳಿ ಆಡುವ ಮಾತು. ‘ನಾನು’ ಎಂದು ಶುರುವಾಗುವ ವಾಕ್ಯಕ್ಕೆ ಮನೆಮಾತಿನಲ್ಲಿ ಸಿಗುವುದು ‘ಬಾಯಿಚಪಲ’ ಒಂದೇ. ಅದೂ ‘ನಾನು’ ಅಂತ ಬರುವುದಿಲ್ಲ, ‘ನನಗೆ’ ಅಂತ ಬರುತ್ತದೆ: “ನನಗೆ ಸ್ವಲ್ಪ ಬಾಯಿಚಪಲ ಜಾಸ್ತಿ”, “ಶುಗರ್ ಇದೆ, ಆದ್ರೂ ಬಾಯಿಚಪಲ ಬಿಡಲ್ಲ”. ಹಸಿವು, ನಿದ್ದೆ, ಜ್ವರ ಹೇಗೆ ‘ನನಗೆ’ ಬರುತ್ತವೋ ಚಪಲವೂ ಹಾಗೆಯೇ. ಅದು ಮೈಮೇಲೆ ಬಂದದ್ದು, ಎದೆಯ ಮೇಲೆ ಹಚ್ಚಿಕೊಳ್ಳುವ ಬಿಲ್ಲೆಯಲ್ಲ.

ಇದೇ ಸಾಲಿನಲ್ಲಿ ಜನ ತಪ್ಪುವ ಎರಡು ಜಾಗ ಹೇಳಿಬಿಡುತ್ತೇನೆ. ಬಾಯಿಚಪಲದ ಬದಲು ‘ಉದ್ದ ನಾಲಗೆ’ ಅನ್ನಬಾರದು, ಅದು ಮಾತಿನ ದೋಷ; ರುಚಿಗೆ ಸಂಬಂಧವಿಲ್ಲ. ಹಾಗೆಯೇ ಹುಡುಗಿಯೊಬ್ಬಳು ಹುಣಸೆಕಾಯಿ, ಮಾವಿನಕಾಯಿ ಕೇಳಿದಾಗ ‘ಬಯಕೆ’ ಎಂಬ ಪದ ತೆಗೆದರೆ ಕೇಳಿದವರು ಬಸಿರಿ ಎಂದುಕೊಳ್ಳುತ್ತಾರೆ. ಅಡುಗೆಮನೆಯೊಳಗೆ ಬಯಕೆ ಅಂದರೆ ಅದೊಂದೇ. “ಆಸೆ ಆಗಿದೆ” ಅಂದರೆ ಸಾಕು.

ಇನ್ನು ಪದದೊಳಗೆ ಇಳಿಯೋಣ. ತಿಂಡಿಪೋತದಲ್ಲಿರುವ ‘ತಿಂಡಿ’ ಬಂದದ್ದು ‘ತಿನ್’ ಎಂಬ ಧಾತುವಿನಿಂದ, ‘ಊಟ’ ಬಂದದ್ದು ‘ಉಣ್’ ಎಂಬುದರಿಂದ. ಈ ಎರಡು ಕ್ರಿಯಾಪದಗಳ ನಡುವಿನ ಅಂತರ ಗೊತ್ತಾಗದೆ ತಿಂಡಿಪೋತ ಎಂಬ ಪದದ ತೂಕ ಗೊತ್ತಾಗುವುದಿಲ್ಲ.

ಉಣ್ಣುವುದು ಕೂತು, ಹೊಟ್ಟೆ ತುಂಬ, ಹೊತ್ತಿಗೆ ಸರಿಯಾಗಿ. ಮುದ್ದೆ ಉಣ್ಣುತ್ತಾರೆ, ಅನ್ನ ಉಣ್ಣುತ್ತಾರೆ, ಮಗು ಹಾಲುಣ್ಣುತ್ತದೆ. ತಿನ್ನುವುದು ಹೊತ್ತುಗೊತ್ತಿಲ್ಲದೆ ಆಗಬಹುದು, ನಿಂತೂ ಆಗಬಹುದು: ಹಣ್ಣು, ಕಡಲೆಕಾಯಿ, ಬೋಂಡ, ಕುರುಕಲು. ಊಟದ ಎಲೆ ಬಿಟ್ಟು ಆಚೆ ಬಂದಾಗ ಈ ಅಂತರ ಇನ್ನೂ ಚೆನ್ನಾಗಿ ಕಾಣುತ್ತದೆ. ಏಟು ತಿನ್ನುತ್ತಾರೆ, ಲಂಚ ತಿನ್ನುತ್ತಾರೆ, ತಲೆ ತಿನ್ನುತ್ತಾರೆ. ನೋವು ಮಾತ್ರ ಉಣ್ಣುತ್ತಾರೆ, ಸುಖ ಉಣ್ಣುತ್ತಾರೆ. “ಮಾಡಿದ್ದುಣ್ಣೋ ಮಹರಾಯ” ಅನ್ನುವ ಗಾದೆಯಲ್ಲಿ ‘ಮಾಡಿದ್ದು ತಿನ್ನೋ’ ಅಂತ ಹಾಕಿ ನೋಡಿ, ಗಾದೆಯ ಬೆನ್ನುಮೂಳೆಯೇ ಮುರಿಯುತ್ತದೆ. ಉಣ್ಣುವುದು ಒಳಗೆ ಇಳಿದು ಮೈಗೂಡುತ್ತದೆ. ತಿಂದದ್ದಕ್ಕೆ ಆ ಹೊಣೆ ಇಲ್ಲ. ನಗರದ ಮಕ್ಕಳು “ಅನ್ನ ತಿಂದೆ” ಅಂದಾಗ ಮನೆಯ ಹಿರಿಯರು “ಅನ್ನ ತಿನ್ನೋದಲ್ಲ, ಊಟ ಮಾಡೋದು” ಎಂದು ತಿದ್ದುವುದು ಇದಕ್ಕೇ. ಅದು ಬರೀ ಮಡಿವಂತಿಕೆಯಲ್ಲ, ಭಾಷೆ ಕಾಪಿಟ್ಟ ಒಂದು ವಿವೇಕ. ಹಾಗಂತ ಇದನ್ನು ಕಬ್ಬಿಣದ ಕಟ್ಟಳೆ ಮಾಡಿಕೊಳ್ಳುವುದೂ ಬೇಡ. “ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ” ಎಂದು ರಾಗಿಯ ಸೀಮೆಯ ಗಾದೆಯೇ ಮುದ್ದೆಯನ್ನು ತಿನ್ನಿಸಿಬಿಟ್ಟಿದೆ.

ಆದ್ದರಿಂದ ತಿಂಡಿಪೋತ ಎಂದರೆ ತುಂಬ ಉಣ್ಣುವವನಲ್ಲ. ಊಟದ ಹೊತ್ತಲ್ಲದ ಹೊತ್ತಿನಲ್ಲಿ ಡಬ್ಬ ತಡಕುವವನು. ಊಟಕ್ಕೆ ಕೂತಾಗ ಎರಡು ತುತ್ತಿಗೇ ಸಾಕು ಅಂದು, ಅರ್ಧ ಗಂಟೆ ಬಿಟ್ಟು ನಿಪ್ಪಟ್ಟಿಗೆ ಕೈ ಹಾಕುವ ಹುಡುಗ ಅಪ್ಪಟ ತಿಂಡಿಪೋತ. ಹೆಣ್ಣಾದರೆ ತಿಂಡಿಪೋತಿ. ಬರೆಯುವಾಗ ಒಂದೇ ಪದವಾಗಿ ಬರೆಯಬೇಕು. ‘ತಿಂಡಿ ಪೋತ’ ಎಂದು ಬಿಡಿಸಿಟ್ಟರೆ ‘ಪೋತ’ಕ್ಕೆ ಇವತ್ತಿನ ಆಡುಮಾತಿನಲ್ಲಿ ಒಂಟಿಯಾಗಿ ನಿಲ್ಲುವ ಕಾಲಿಲ್ಲ. ‘-ಬಾಕ’ ಹಾಗಲ್ಲ. ಹೊಟ್ಟೆಬಾಕ, ತಿನ್ನುಬಾಕ ಇದ್ದ ಕಡೆ ‘ಕೊಳ್ಳುಬಾಕ’ ಎಂಬ ಹೊಸ ಪದವೂ ಹುಟ್ಟಿ ಪತ್ರಿಕೆಗಳಲ್ಲಿ ನೆಲೆ ನಿಂತಿತು. ‘-ಬಾಕ’ ಎಲ್ಲಿ ಅಂಟಿಕೊಂಡರೂ ದೂರು ತರುತ್ತದೆ. ಸಾಲದು ಸಾಲದು ಎನ್ನುವ ಗುಂಡಿಯ ಭಾವ ಅದರದು. ‘-ಪೋತ’ ತಿಂಡಿಯನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ, ಹಾಗಾಗಿ ಅದರ ಮುದ್ದೂ ಉಳಿಯಿತು.

ಬೆಂಗಳೂರಿಗೇ ಸೇರಿದ ಮಾತೊಂದಿದೆ. ಇಲ್ಲಿ ‘ತಿಂಡಿ’ ಎಂದರೆ ಮೊದಲಿಗೆ ಬೆಳಗಿನ ಉಪಾಹಾರ. “ತಿಂಡಿ ಆಯ್ತಾ?” ಅನ್ನುವುದು ಬೆಳಗ್ಗೆ ಹನ್ನೊಂದರವರೆಗೆ ನಮಸ್ಕಾರಕ್ಕೆ ಸಮ, ಆಮೇಲೆ ಅದು “ಊಟ ಆಯ್ತಾ?” ಆಗುತ್ತದೆ. ಸಂಜೆ ಸಜ್ಜನ್ ರಾವ್ ಸರ್ಕಲ್ ಹತ್ತಿರ ವಿವಿ ಪುರದ ‘ತಿಂಡಿ ಬೀದಿ’ ಅಂದಾಗ ಅದೇ ಪದ ಹೋಳಿಗೆ, ಬಜ್ಜಿ, ಅಕ್ಕಿರೊಟ್ಟಿಯಿಂದ ಗುಲ್ಕಂದ್ ಐಸ್‌ಕ್ರೀಮಿನವರೆಗೆ ಕೈಚಾಚುತ್ತದೆ. ಉತ್ತರ ಕರ್ನಾಟಕದಿಂದ ಬಂದವರಿಗೆ ಬೆಳಗಿನದು ‘ನಾಷ್ಟಾ’. ಅವರ ಕಿವಿಗೆ “ತಿಂಡಿ ಆಯ್ತಾ” ಎಂಬುದು ಮೊದಮೊದಲು ‘ಕುರುಕಲು ತಿಂದೆಯಾ’ ಎಂದು ಕೇಳಿದ ಹಾಗಾಗುವುದುಂಟು. ಇನ್ನೊಂದು ಎಚ್ಚರಿಕೆ: ಮೈ ಕಡಿತಕ್ಕೆ ಕನ್ನಡದಲ್ಲಿ “ಮೈ ತಿಂತಿದೆ” ಅನ್ನುತ್ತೇವಲ್ಲ, ಅದೇ ದಾರಿಯಲ್ಲಿ ಬೀದಿಮಾತಿನ ‘ತಿಂಡಿ’ಗೆ ಜಗಳದ ತೀಟೆ ಎಂಬ ಅರ್ಥವೂ ಇದೆ. “ತಿಂಡಿ ಜಾಸ್ತಿ ಆಯ್ತಾ ನಿಂಗೆ?” ಎಂದು ಯಾರಾದರೂ ಸಿಗ್ನಲ್ಲಿನಲ್ಲಿ ಕೇಳಿದರೆ ಅವರು ಇಡ್ಲಿಯ ಲೆಕ್ಕ ಕೇಳುತ್ತಿಲ್ಲ. ಕನ್ನಡ ಕಲಿಯುತ್ತಿರುವವರಿಗೆ ಇದನ್ನು ಮೊದಲೇ ಹೇಳಿಕೊಡುವುದು ಒಳ್ಳೆಯದು.

ಹೊಟ್ಟೆಬಾಕನ ಬಗ್ಗೆ ಹೆಚ್ಚು ಹೇಳಲು ಇಲ್ಲ, ಅದು ಬೈಗುಳ. ಆದರೆ ಬೈಗುಳದ ಎಲ್ಲೆ ಎಲ್ಲಿದೆ ಎಂದು ತಿಳಿಯಲು ಮಹಾಭಾರತದ ಏಕಚಕ್ರ ನಗರಕ್ಕೆ ಹೋಗಬೇಕು. ಬಕಾಸುರನಿಗೆಂದು ಕಳಿಸಿದ ಬಂಡಿ ಅನ್ನವನ್ನು ಭೀಮ ಅವನ ಎದುರಿಗೇ ಕೂತು ಉಂಡ. ಇಬ್ಬರ ಹಸಿವೂ ಬಂಡಿಯಷ್ಟೇ. ಆದರೂ ನಮ್ಮ ಮನೆಗಳಲ್ಲಿ ಚೆನ್ನಾಗಿ ಉಣ್ಣುವ ಹುಡುಗನಿಗೆ ‘ಭೀಮ’ ಅಂದರೆ ಹೊಗಳಿಕೆ, ‘ಬಕಾಸುರ’ ಅಂದರೆ ತೆಗಳಿಕೆ. ಭೀಮನಿಗೆ ವೃಕೋದರ ಎಂಬ ಹೆಸರಿದೆ, ತೋಳನ ಹೊಟ್ಟೆಯವನು ಎಂದು. ಅದನ್ನೂ ಯಾರೂ ಬೈಗುಳವಾಗಿ ಬಳಸುವುದಿಲ್ಲ. ಯಾಕೆಂದರೆ ಅವನು ಅಡುಗೆಯನ್ನೂ ಬಲ್ಲ. ವಿರಾಟನ ಅರಮನೆಯಲ್ಲಿ ಒಂದು ವರ್ಷ ಬಾಣಸಿಗನಾಗಿದ್ದವನು ಅವನು. ಕನ್ನಡ ಭಾರತದಲ್ಲಿ ಆಗ ಅವನ ಹೆಸರು ವಲಲ. ನಳಪಾಕದ ಜೊತೆಯಲ್ಲೇ ಭೀಮಪಾಕ ಎಂಬ ಮಾತು ಬಂದದ್ದು ಅಲ್ಲಿಂದ. ಬೇಯಿಸಬಲ್ಲವನ ಹಸಿವನ್ನು ಕನ್ನಡ ಮನ್ನಿಸುತ್ತದೆ. ‘ಉಂಡಾಡಿ’ಯಲ್ಲಿಯೂ ಅಷ್ಟೆ, ಆ ಪದಕ್ಕೆ ಮುನಿಸು ಉಂಡದ್ದರ ಮೇಲಲ್ಲ, ಉಂಡು ಸುಮ್ಮನೆ ಆಡಿಕೊಂಡಿದ್ದದ್ದರ ಮೇಲೆ.

ಭೋಜನಪ್ರಿಯ ಸಂಸ್ಕೃತದಿಂದ ಇಳಿದು ಬಂದ ಪದ. ವಿಷ್ಣು ಅಲಂಕಾರಪ್ರಿಯ, ಶಿವ ಅಭಿಷೇಕಪ್ರಿಯ, ಬ್ರಾಹ್ಮಣ ಭೋಜನಪ್ರಿಯ ಎಂಬ ಹಳೆಯ ಮಾತಿನಿಂದ ಬಂದು, ಈಗ ಆ ಒಂದು ಜಾತಿಯ ಅಂಟು ಕಳಚಿಕೊಂಡು ಎಲ್ಲರಿಗೂ ಸಲ್ಲುತ್ತಿದೆ. ಬರೆಯುವಾಗ ‘ಭೋ’ಗೆ ಮಹಾಪ್ರಾಣ ಬೇಕು, ‘ಪ್ರಿ’ ಹ್ರಸ್ವ. ‘ಭೋಜನಪ್ರೀಯ’ ಎಂದು ದೀರ್ಘ ಎಳೆದ ಬೋರ್ಡು ಬೇಕಾದಷ್ಟಿವೆ, ‘ಪ್ರೀತಿ’ಯ ದೀರ್ಘ ಇಲ್ಲಿಗೆ ಬಂದು ಸೇರಿಕೊಂಡದ್ದು. ಹೆಣ್ಣಿಗೆ ‘ಭೋಜನಪ್ರಿಯೆ’. ಈ ಪದ ಹೊಂದುವುದು ಎಲೆ ಊಟಕ್ಕೆ, ಆಮಂತ್ರಣಕ್ಕೆ, ಪತ್ರಿಕೆಯ ಪುರವಣಿಗೆ. ದರ್ಶಿನಿಯಲ್ಲಿ ನಿಂತು ಬೈ-ಟು ಕಾಫಿ ಕುಡಿಯುವವರಿಗೆ ಅದು ತೀರ ಭಾರ. ಮಿಲಿಟರಿ ಹೋಟೆಲಿನಲ್ಲಂತೂ ಹೊಂದುವುದೇ ಇಲ್ಲ. ಮುದ್ದೆ, ಕಾಲು ಸೂಪು, ಬೋಟಿ, ಕೈಮ ಉಂಡೆ, ದೊನ್ನೆ ಬಿರಿಯಾನಿ ಇರುವ ಕಡೆ ‘ಬಾಡೂಟ’ ಎಂಬ ನೆಲದ ಪದವಿದೆ. ಹಳೇ ಮೈಸೂರು ಸೀಮೆಯಲ್ಲಿ ಬಾಡು ಅಂದರೆ ಮಾಂಸ. ‘ಬಾಡೂಟಪ್ರಿಯರು’ ಎಂದು ಪತ್ರಿಕೆಯವರು ಬೆಸೆದದ್ದು ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ಎದುರಾಬದುರು ಮಾತಿನಲ್ಲಿ ಮಾತ್ರ “ಅವರಿಗೆ ಬಾಡೂಟ ಅಂದ್ರೆ ಪ್ರಾಣ” ಅನ್ನುವುದೇ ಸಹಜ.

ಹೋಟೆಲಿನವರ ಬಾಯಲ್ಲಿ ಇವು ಯಾವುವೂ ಇಲ್ಲ. 1924ರಿಂದ ನಡೆಯುತ್ತಿರುವ ಎಂಟಿಆರ್ ಆಗಲಿ, 1943ರಲ್ಲಿ ಗಾಂಧಿಬಜಾರಿನಲ್ಲಿ ಶುರುವಾದ ವಿದ್ಯಾರ್ಥಿ ಭವನ ಆಗಲಿ, ಬೆಳಗಾಗುವ ಮೊದಲೇ ಬಾಗಿಲ ಮುಂದೆ ನಿಲ್ಲುವವರಿಗೆ ಈ ಊರಿನ ಹೋಟೆಲು ಲೋಕ ಕೊಟ್ಟ ಹೆಸರು ‘ಕಾಯಂ ಗಿರಾಕಿ’. ಇದೂ ಬಡಿಸುವವರು ಕೊಟ್ಟ ಹೆಸರೇ. ಅದರಲ್ಲಿ ರುಚಿಯ ಮಾತಿಲ್ಲ, ಮತ್ತೆ ಮತ್ತೆ ಬಂದದ್ದರ ಲೆಕ್ಕ ಇದೆ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳ ಪದ. “ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.” ಈ ಗಾದೆಯನ್ನು ಸಾಮಾನ್ಯವಾಗಿ ಆರೋಗ್ಯದ ಪಾಠವಾಗಿ, ಮಿತವಾಗಿ ತಿನ್ನು ಎಂಬ ಬುದ್ಧಿವಾದವಾಗಿ ಹೇಳುತ್ತಾರೆ. ಗಾದೆ ಆಯ್ದುಕೊಂಡ ಕ್ರಿಯಾಪದ ನೋಡಿ: ಬಲ್ಲವ. ಊಟವನ್ನು ಪ್ರೀತಿಸುವವನು ಅಂದಿಲ್ಲ, ಕಡಿಮೆ ಉಣ್ಣುವವನು ಅಂದಿಲ್ಲ. ಈಜು ಬಲ್ಲವ, ಲೆಕ್ಕ ಬಲ್ಲವ ಅಂದ ಹಾಗೆ ಊಟ ಬಲ್ಲವ. ಅದೊಂದು ಕಲಿತ ವಿದ್ಯೆ. ಇಂಗ್ಲಿಷಿನ ಫುಡಿ 1980ರ ದಶಕದ ಆರಂಭದಲ್ಲಿ ಪತ್ರಿಕೆಗಳ ಮೂಲಕ ಹರಡಿದ ಪದ. ಫ್ರೆಂಚಿನ ‘ಗುರ್ಮೆ’ ಹಿಂದೊಮ್ಮೆ ದ್ರಾಕ್ಷಾರಸದ ವ್ಯಾಪಾರಿಯ ಆಳಿಗೆ, ಆಮೇಲೆ ಅದನ್ನು ಸವಿದು ಗುಣ ಹೇಳುವವನಿಗೆ ಇದ್ದ ಹೆಸರು. ಗುರ್ಮೆಗೆ ಹತ್ತಿರ ಬರುವ ಕನ್ನಡ ಪದ ಭೋಜನಪ್ರಿಯ ಅಲ್ಲ, ಊಟ ಬಲ್ಲವ. ಕನ್ನಡಕ್ಕೆ ಈ ವಿದ್ಯೆ ಹೊಸದಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಅಡುಗೆಗೆಂದೇ ಒಂದು ಅಧ್ಯಾಯವಿದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಅಡುಗೆಯನ್ನೇ ವಸ್ತು ಮಾಡಿಕೊಂಡು ಷಟ್ಪದಿಯಲ್ಲಿ ಸೂಪಶಾಸ್ತ್ರ ಬರೆದ. ಸೂಪ ಎಂದರೆ ತೊವ್ವೆ, ಅಡುಗೆಯವನಿಗೂ ಅದೇ ಹೆಸರು.

ಊಟ ಬಲ್ಲವನ ಗುರುತು ಏನು? ಅವನು ‘ಚೆನ್ನಾಗಿಲ್ಲ’ ಎಂದು ನಿಲ್ಲಿಸುವುದಿಲ್ಲ. ಏನು ತಪ್ಪಿದೆ ಎಂಬುದಕ್ಕೆ ಅವನ ಬಳಿ ಪದ ಇದೆ, ಆ ಪದದ ಹಿಂದೆ ಕಾರಣವೂ ಇದೆ. ಎಲ್ಲದಕ್ಕೂ ತಾಯಿಯಂಥ ಪದ ‘ಹದ’. ಮಣ್ಣಿಗೆ ಹದ, ಹಿಟ್ಟಿಗೆ ಹದ, ಪಾಕಕ್ಕೆ ಹದ. ಅಳತೆ ಪುಸ್ತಕದಲ್ಲಿ ಸಿಗುತ್ತದೆ, ಹದ ಕೈಗೆ ಸಿಗಬೇಕು.

ಮಸಾಲೆ ದೋಸೆಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಕೆಂಪಗಿನ, ಹೊರಗೆ ಗರಿ ಒಳಗೆ ಮೆದು ಇರುವ ದೋಸೆಗೆ ಸುಮಾರು ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ, ಒಂದು ಹಿಡಿ ಕಡಲೆಬೇಳೆ, ಎರಡು ಚಮಚ ಮೆಂತ್ಯ, ಅರ್ಧ ಪಾವು ಅವಲಕ್ಕಿ. ಐದಾರು ಗಂಟೆ ನೆನೆಸಿ ರುಬ್ಬಬೇಕು. ಏಪ್ರಿಲ್ಲಿನಲ್ಲಿ ಏಳೆಂಟು ಗಂಟೆಗೆ ಉಕ್ಕುವ ಹಿಟ್ಟು ಡಿಸೆಂಬರಿನ ಚಳಿಯಲ್ಲಿ ಹನ್ನೆರಡು, ಹದಿನಾಲ್ಕು ಗಂಟೆ ಕೇಳುತ್ತದೆ. ದೋಸೆ ಬಿಳಿಚಿಕೊಂಡಿದ್ದರೆ ಹಿಟ್ಟು ಹುದುಗಿಲ್ಲ, ಇಲ್ಲವೇ ಕಡಲೆಬೇಳೆ, ಮೆಂತ್ಯ ಬಿಟ್ಟಿದ್ದಾರೆ, ಇಲ್ಲವೇ ಕಾವಲಿ ಕಾದಿಲ್ಲ. ರಬ್ಬರಿನ ಹಾಗೆ ಎಳೆದರೆ ಉದ್ದು ಜಾಸ್ತಿ. ತಣ್ಣಗಾದ ಕೂಡಲೇ ಹಪ್ಪಳದಂತೆ ಮುರಿದರೆ ಅಕ್ಕಿ ಜಾಸ್ತಿ. ಹಿಟ್ಟು ಹರಡದೆ ಸೌಟಿನ ಜೊತೆಯಲ್ಲೇ ಎದ್ದು ಬಂದರೆ ಕಾವಲಿ ಅತಿಯಾಗಿ ಕಾದಿದೆ. ನೀರು ಚಿಮುಕಿಸಿ ಒರೆಸಿಕೊಳ್ಳಬೇಕು. ಮಧ್ಯಾಹ್ನದ ಮೇಲೆ ಹೋದರೆ ಹಿಟ್ಟು ಹುಳಿ ತಿರುಗಿರುವ ಸಂಭವ ಹೆಚ್ಚು. “ಇವತ್ತು ದೋಸೆ ಚೆನ್ನಾಗಿಲ್ಲ” ಅನ್ನುವವರು ಗಿರಾಕಿ. “ಉದ್ದು ಒಂಚೂರು ಮುಂದಾಗಿದೆ” ಅನ್ನುವವರು ಊಟ ಬಲ್ಲವರು. ಅಡುಗೆ ಭಟ್ಟರು ಎರಡನೆಯವರ ಮಾತಿಗೆ ಮಾತ್ರ ಕಿವಿಗೊಡುತ್ತಾರೆ, ಅವರಿಗೆ ನಾಳೆ ಏನು ತಿದ್ದಬೇಕು ಎಂಬುದು ಅದರಲ್ಲಿ ಸಿಗುತ್ತದೆ.

ದೋಷಗಳಿಗೆ ಕನ್ನಡದಲ್ಲಿರುವ ಪದಸಂಪತ್ತು ನಿಜಕ್ಕೂ ದೊಡ್ಡದು, ಅದು ಬಳಕೆ ತಪ್ಪುತ್ತಿರುವುದು ನೋವಿನ ಸಂಗತಿ. ‘ಕೆಟ್ಟ ವಾಸನೆ’ ಎಂಬ ಒಂದೇ ಮಾತಿನಲ್ಲಿ ಈಗ ಎಲ್ಲವನ್ನೂ ಮುಗಿಸುತ್ತೇವೆ. ಕಮಟು ಬೇರೆ, ಹಳಸಲು ಬೇರೆ, ಮುಗ್ಗಲು ಬೇರೆ, ಸೀದದ್ದು ಬೇರೆ, ಹಸಿ ವಾಸನೆ ಬೇರೆ. ಕಮಟು ಜಿಡ್ಡಿನ ದೋಷ: ಹಳೆಯ ಕೊಬ್ಬರಿ, ಗಾಳಿ ತಾಗಿದ ಕಡಲೆಕಾಯಿ ಬೀಜ, ಮತ್ತೆ ಮತ್ತೆ ಕಾಯಿಸಿದ ಎಣ್ಣೆ. ಚಟ್ನಿ ಕಮಟಾಗಿದ್ದರೆ ಉಪ್ಪು ಹುಳಿ ಸೇರಿಸಿ ಸರಿಮಾಡಲು ಬರುವುದಿಲ್ಲ, ಚೆಲ್ಲುವುದೊಂದೇ ದಾರಿ. ಹಳಸುವುದು ಬೆಂದ ಪದಾರ್ಥ, ಬಿಸಿ ಅನ್ನವನ್ನು ಮುಚ್ಚಿಟ್ಟು ಮರೆತಾಗ. ಮುಗ್ಗುವುದು ತೇವ ತಾಗಿದ ಹಿಟ್ಟು, ಬೇಳೆ, ರವೆ. ಹಸಿ ವಾಸನೆಗೆ ಮಾತ್ರ ಮದ್ದಿದೆ, ಕುದಿ. ಸಾರಿಗೆ ಹುಣಸೆ ನೀರು ಹಾಕಿ ಐದಾರು ನಿಮಿಷ ಕುದಿಸಿದ ಮೇಲೆಯೇ ಬೇಳೆಕಟ್ಟು ಸೇರಬೇಕು. ಆದರೆ ಸಾರಿನ ಪುಡಿ ಹಾಕಿದ ಮೇಲೆ ಒಂದೆರಡು ಕುದಿಗೇ ಇಳಿಸಬೇಕು. ಬಿಟ್ಟರೆ ಘಮವೆಲ್ಲ ಆವಿಯಾಗಿ ಹೋಗಿ ಕಹಿ ಮಾತ್ರ ಉಳಿಯುತ್ತದೆ. ಅಡುಗೆಮನೆಯ ಘಮ ಪಕ್ಕದ ಮನೆಗೆ ಹೋಗಿದೆ ಅಂದರೆ ಅಷ್ಟು ನಿಮ್ಮ ಸಾರಿನಲ್ಲಿ ಕಡಿಮೆಯಾಗಿದೆ.

ಕಾಫಿಯಲ್ಲಿ ‘ಕಹಿ’ ಮತ್ತು ‘ಒಗರು’ ಬಿಡಿಸಿ ಹೇಳಬಲ್ಲವರು ಈಗಲೂ ಬಸವನಗುಡಿ, ಮಲ್ಲೇಶ್ವರದಲ್ಲಿ ಇದ್ದಾರೆ. ಡಿಕಾಕ್ಷನ್ನನ್ನು ನೇರ ಉರಿಯ ಮೇಲೆ ಮತ್ತೆ ಕುದಿಸಿದರೆ ಕಹಿ, ಪುಡಿ ನೀರಿನಲ್ಲಿ ಹೊತ್ತಿಗಿಂತ ಹೆಚ್ಚು ಕೂತರೆ ಒಗರು. ಫಿಲ್ಟರಿನಲ್ಲಿ ಪುಡಿಯನ್ನು ಗಟ್ಟಿಯಾಗಿ ಒತ್ತಿದರೆ ನೀರು ಇಳಿಯದೆ ಕೂತುಬಿಡುತ್ತದೆ, ಸಡಿಲ ಬಿಟ್ಟರೆ ಬಣ್ಣದ ನೀರು. ಮೂರು ದೊಡ್ಡ ಚಮಚ ಪುಡಿಗೆ ಒಂದು ಲೋಟ ನೀರು, ಕುದಿ ನಿಂತ ಮರುಕ್ಷಣ ಹಾಕಿದ್ದು, ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಳಿದರೆ ಅದು ಹದ.

ಮುದ್ದೆಗೆ ಇನ್ನೊಂದು ನಿಘಂಟು. ಎರಡು ಲೋಟ ನೀರಿಗೆ ಒಂದು ಲೋಟ ರಾಗಿ ಹಿಟ್ಟು. ಮೊದಲು ಒಂದು ಚಮಚ ಹಿಟ್ಟನ್ನು ನೀರಿನಲ್ಲಿ ಕದಡಿ ಕುದಿಸಿಕೊಂಡರೆ ಗಂಟಾಗುವ ಭಯ ಕಡಿಮೆ. ಉಳಿದ ಹಿಟ್ಟನ್ನು ನಡುವಿಗೆ ಗುಡ್ಡೆ ಹಾಕಿ, ಕಲಕದೆ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಲು ಬಿಟ್ಟು ಆಮೇಲೆ ಕೋಲಿನಿಂದ ತೊಳಸಬೇಕು. ಅವಸರಕ್ಕೆ ಮೊದಲೇ ತೊಳಸಿದರೆ ಒಳಗೆ ಒಣ ಹಿಟ್ಟಿನ ಗಂಟು ಉಳಿಯುತ್ತದೆ. ಒದ್ದೆ ಕೈಯಲ್ಲಿ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ. ಉಣ್ಣುವಾಗಲೂ ಪದ ಬೇರೆ: ಮುದ್ದೆಯನ್ನು ‘ಮುರಿದು’, ಸಾರಿನಲ್ಲಿ ‘ಅದ್ದಿ’, ‘ನುಂಗಬೇಕು’. ಜಗಿದರೆ ಹಲ್ಲಿಗೆ ಮೆತ್ತುತ್ತದೆ, ರುಚಿಯೂ ಸಪ್ಪೆ ಅನಿಸುತ್ತದೆ. ಮುದ್ದೆ ಚೆನ್ನಾಗಿಲ್ಲ ಅನ್ನುವ ಹೊಸಬರಲ್ಲಿ ಅನೇಕರು ಅದನ್ನು ಜಗಿದವರು.

ಹೋಳಿಗೆಯಲ್ಲಿ ಬೇಳೆ ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಆದರೆ ಪಾತ್ರೆಯಲ್ಲಿ ಕಾಳಿನ ಆಕಾರ ಉಳಿದಿರಬೇಕು. ಅತಿಯಾಗಿ ಬೆಂದರೆ ಬೆಲ್ಲ ಸೇರಿದಾಗ ಹೂರಣ ನೀರಾಗಿ, ತಟ್ಟುವಾಗ ಕಣಕ ಹರಿಯುತ್ತದೆ. ಕೋಸಂಬರಿಗೆ ಉಪ್ಪು ಬೀಳುವುದು ಎಲೆಗೆ ಹೊರಡುವ ಮುಂಚಿನ ಗಳಿಗೆಯಲ್ಲಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಹೆಸರುಬೇಳೆ ಅದರಲ್ಲಿ ತೇಲುತ್ತದೆ.

ಬೆಂಗಳೂರಿನ ಊಟ ಬಲ್ಲವರಿಗೆ ಪರೀಕ್ಷೆಯ ಕಾಲ ಮಾತ್ರ ಅವರೆಕ್ಕಾಯಿಯ ಕಾಲ. ಡಿಸೆಂಬರ್, ಜನವರಿಯಲ್ಲಿ ಮಾಗಡಿ ಕಡೆಯ ಅವರೆ ಮಾರುಕಟ್ಟೆಗೆ ಇಳಿದಾಗ ಕಿವಿಗೆ ಬೀಳುವ ಒಂದು ಪದ ‘ಸೊಗಡು’. ಇದಕ್ಕೆ ಇನ್ನೊಂದು ಭಾಷೆಯಲ್ಲಿ ಸಮನಾದ ಪದ ಹುಡುಕುವುದು ಕಷ್ಟ. ಸಿಪ್ಪೆಯ ಮೇಲಿನ ಅಂಟಂಟು ಜಿಡ್ಡು, ಅದರಿಂದ ಬರುವ ಮಂಜಿನ, ಹಸಿ ಹೊಲದ ವಾಸನೆ, ಎರಡೂ ಸೇರಿ ಸೊಗಡು. ಕಾಯಿಯನ್ನು ಕೈಯಲ್ಲಿ ಉಜ್ಜಿ ಬೆರಳು ಮೂಸಿದಾಗ ಗೊತ್ತಾಗುತ್ತದೆ. ಹೊಳೆಯುವ, ಒಂದೇ ಅಳತೆಯ ಕಾಯಿಯಲ್ಲಿ ಸೊಗಡು ಇಲ್ಲದಿದ್ದರೆ ಬಲ್ಲವರು ಮುಂದಿನ ರಾಶಿಗೆ ಹೋಗುತ್ತಾರೆ. ಒಂದು ಕೆಜಿ ಕಾಯಿ ಸುಲಿದರೆ ಕಾಳು ಅರ್ಧ ಕೆಜಿಗೂ ಕಡಿಮೆ. ಹಿದಕಿದರೆ ಇನ್ನೂ ಇಳಿಯುತ್ತದೆ. ಹಿದಕಬೇಳೆಗೆ ಕಾಳನ್ನು ರಾತ್ರಿಯಿಡೀ ನೆನೆಸಿ, ಬೆರಳಲ್ಲಿ ಒತ್ತಿ ಸಿಪ್ಪೆ ಜಾರಿಸಬೇಕು. ಬೇಯಿಸುವಾಗ ಕುಕ್ಕರ್ ಬೇಡ, ತೆರೆದ ಪಾತ್ರೆಯಲ್ಲಿ ಸಣ್ಣ ಉರಿ. ಬೇಳೆ ಇಡಿಯಾಗಿರಬೇಕು, ನಾಲಗೆಗೆ ತಾಗಿದೊಡನೆ ಕರಗಬೇಕು.

ಹೀಗೆ ಬಲ್ಲವರಾದ ಮೇಲೂ ಒಂದು ಕಟ್ಟು ಇದೆ. “ಉಂಡ ಮನೆಯ ಜಂತೆ ಎಣಿಸಬಾರದು” ಅನ್ನುತ್ತದೆ ಗಾದೆ. ದುಡ್ಡು ಕೊಟ್ಟು ತಿಂದ ಹೋಟೆಲಿನಲ್ಲಿ ಉದ್ದು ಹೆಚ್ಚಾಗಿದೆ ಎಂದು ಹೇಳುವುದು ಬೇರೆ, ಕರೆದು ಊಟ ಹಾಕಿದವರ ಮನೆಯಲ್ಲಿ ಹೇಳುವುದು ಬೇರೆ. ಫೋನು ಎತ್ತಿ ಪ್ರತಿ ಊಟಕ್ಕೂ ಅಂಕ ಕೊಡುವ ಈ ಕಾಲದಲ್ಲಿ ಗಾದೆಯ ಈ ಭೇದ ಮಸುಕಾಗುತ್ತಿದೆ. ಮನೆಯ ಊಟದಲ್ಲಿ ಉಪ್ಪು ಕಡಿಮೆಯಾಗಿದ್ದರೆ ‘ಸಪ್ಪೆ’ ಅನ್ನದೆ “ಒಂಚೂರು ಉಪ್ಪು ಕೊಡ್ತೀರಾ” ಎಂದು ಕೇಳುವವರು ಎರಡು ವಿದ್ಯೆಯನ್ನೂ ಬಲ್ಲವರು, ‘ಊಟ ಬಲ್ಲವನಿಗೆ’ ಗಾದೆಯ ಎರಡೂ ಅರ್ಧಗಳನ್ನು.

ಇತ್ತೀಚೆಗೆ “ನಾನೊಬ್ಬ ತಿಂಡಿಪೋತ” ಎಂದು ತಮ್ಮನ್ನೇ ಕರೆದುಕೊಳ್ಳುವವರು ಹೆಚ್ಚಾಗಿದ್ದಾರೆ. ಇದು ತಪ್ಪು ಎಂದು ನಾನು ಹೇಳುವುದಿಲ್ಲ. ಮನೆಯಿಂದ ದೂರ, ಪಿಜಿಯಲ್ಲಿ ಇರುವ ಹುಡುಗ ಹುಡುಗಿಯರಿಗೆ ಡಬ್ಬದ ಮುಂದೆ ನಿಂತು ಗದರುವವರಿಲ್ಲ. ಆ ಗದರಿಕೆಯ ಪದವನ್ನು ಅವರು ತಾವೇ ಇಟ್ಟುಕೊಂಡಿದ್ದಾರೆ. ಆದರೆ ಹೋಟೆಲಿನ ಬೋರ್ಡಿಗೆ ಅದನ್ನು ಬಳಸುವವರು “ತಿಂಡಿಪೋತರಿಗೆ ಸ್ವಾಗತ” ಎಂದು ಬರೆಯುವ ಮುನ್ನ ಯೋಚಿಸಲಿ. ಮಕ್ಕಳ ಜೊತೆ ಬಂದ ಅಜ್ಜ ಅಜ್ಜಿಯೂ ಅದನ್ನು ಓದುತ್ತಾರೆ. ಅಂಗಡಿಯ ಹೆಸರೇ ‘ತಿಂಡಿಪೋತ’ ಎಂದಿದ್ದರೆ ಚಿಂತೆಯಿಲ್ಲ, ಅಲ್ಲಿ ಆ ಪದ ಯಾರನ್ನೂ ಬೊಟ್ಟು ಮಾಡುತ್ತಿಲ್ಲ. ಬಂದವರನ್ನು ಕರೆಯುವುದಾದರೆ ‘ಭೋಜನಪ್ರಿಯರೇ’, ಅದೂ ಭಾರ ಅನಿಸಿದರೆ “ಬನ್ನಿ, ತಿಂಡಿ ಮಾಡಿ” ಸಾಕು.

ಬಡಿಸುವವರಿಂದ ಇಷ್ಟು ಹೆಸರು ಬರುತ್ತವೆ. ಉಣ್ಣುವವರಿಂದ ಆಚೆಗೆ ಹೋಗುವ ಪದಗಳು ಎರಡೇ. ಒಂದು ‘ಸಾಕು’. ಎಲೆ ಊಟದಲ್ಲಿ ಅದನ್ನು ಸೌಟು ಬಾಗುವ ಮೊದಲೇ, ಅಂಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದು ಹೇಳಬೇಕು; ಬಡಿಸಿದ ಮೇಲೆ ಹೇಳಿದರೆ ಅನ್ನ ಎಲೆಯಲ್ಲೇ ಉಳಿಯುತ್ತದೆ. ಇನ್ನೊಂದು, ಮಜ್ಜಿಗೆ ಅನ್ನ ಮುಗಿದು ಕೈತೊಳೆಯಲು ಏಳುವಾಗ ಹಿರಿಯರು ಈಗಲೂ ಅನ್ನುವ “ಅನ್ನದಾತಾ ಸುಖೀಭವ”. ಕಿರಿಯರು ಅದನ್ನು ಅನ್ನಲು ಸಂಕೋಚಪಡುತ್ತಾರೆ. ಅವರು ಅಡುಗೆಮನೆಯ ಕಡೆ ತಿರುಗಿ “ಸಾರು ಇನ್ನೊಂಚೂರು ಇದ್ಯಾ?” ಎಂದು ಕೇಳಿದರೂ ಒಳಗಿರುವವರಿಗೆ ಅರ್ಥವಾಗುತ್ತದೆ.